ಎಡಗಡೆಯ ಬಾಕ್ಸ್

ಮನೆಗೆ ಒಂದು ಜೊತೆ ಎತ್ತರದ ಸ್ಪೀಕರ್ ತಂದು ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ಅವುಗಳಿಂದ ಹಾಡು ಕೇಳಿದ್ದು ಕಡಿಮೆ, ಅವುಗಳ ದೆಸೆಯಿಂದ ಮಾತು ಕೇಳಿದ್ದೇ ಹೆಚ್ಚು. ಒಂದು ಪ್ರಸಂಗ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ಈಗೀಗ ನಾನು ಆಶ್ಚರ್ಯಪಡುವುದನ್ನೂ ಬಿಟ್ಟಿದ್ದೇನೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ನನ್ನ ಮೇಜಿನ ಎಡಕ್ಕೆ ತಗಡಿನ ಗೋಡೆ, ಅದರಾಚೆ ಪ್ರೆಸ್ ಶಾಪ್. ಬೆಳಗಿನಿಂದ ಸಂಜೆಯವರೆಗೆ ಧಡ್ ಧಡ್ ಎಂದು ಕಬ್ಬಿಣದ ಹಾಳೆ ಕತ್ತರಿಸುವ ಸದ್ದು. ಅಲ್ಲಿನ ಫೋರ್‌ಮನ್‌ಗೂ ನನಗೂ ದಿನಾ ಜಗಳ. ಅವನು ಮಾಡಿಸಿದ ಮಾಲನ್ನು ನಾನು ರಿಜೆಕ್ಟ್ ಮಾಡಿದಾಗಲೆಲ್ಲ ಅವನು ಕೂಗಾಡುತ್ತಾನೆ. ಆಗ ನಾನು ಹೇಳುವುದು ಒಂದೇ ಮಾತು: "ಮಾಲು ತಪ್ಪು ಅನ್ನೋ ಮೊದಲು ಕೈಯಲ್ಲಿರೋ ಗೇಜ್ ಸರಿ ಇದೆಯಾ ಅಂತ ನೋಡೋನು ಕಣಯ್ಯ ನಾನು." ಅಳೆಯುವ ಸಾಧನವೇ ಸವೆದಿದ್ದರೆ ಒಳ್ಳೆಯ ಮಾಲೂ ಕೆಟ್ಟದ್ದಾಗಿ ಕಾಣುತ್ತದಲ್ಲ, ಅದಕ್ಕೆ. ಹೊಸದಾಗಿ ಸೇರಿದವರಿಗೂ ಮೊದಲ ದಿನ ಇದೇ ಉಪದೇಶ.

ಇಷ್ಟು ಗದ್ದಲದಲ್ಲಿ ಬದುಕಿದವನಿಗೆ ಸಣ್ಣ ಸದ್ದಿನ ಮೇಲೆ ಆಸೆ. ಹಾಡುವವರ ಹಿಂದೆ ತಂಬೂರಿ ನುಡಿಯುತ್ತಿರುತ್ತದಲ್ಲ, ಅದು ನನ್ನ ಮನೆಯಲ್ಲಿ ನನಗೆ ಕೇಳಬೇಕು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಸಾಕು. ಬೇರೇನೂ ಕೇಳಿದವನಲ್ಲ ನಾನು.

೧. ಬಾಗಿಲಿಲ್ಲದ ಬೀರು

ಅಂಗಡಿಯಲ್ಲಿ ಕೇಳಿ ನೋಡಲೆಂದೇ ಒಂದು ತಂಪಾದ ಕೋಣೆ ಇತ್ತು. ಸೋಫಾದ ನಡುವಿನ ಒಳ್ಳೆಯ ಜಾಗದಲ್ಲಿ ಹೆಂಡತಿ ಕೂತಳು. ನನಗೆ ಎಡಗಡೆ ಗೋಡೆಗೆ ಒತ್ತಿಕೊಂಡಿದ್ದ ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ಅಂಗಡಿಯಾತ ಒಂದು ಹಳೆಯ ಸಂಗೀತ ಕಛೇರಿಯ ರೆಕಾರ್ಡಿಂಗ್ ಹಾಕಿದ. "ಸಾರ್, ಹಾಡು ಮಧ್ಯದಲ್ಲಿ ಬರುತ್ತೆ, ಮೃದಂಗ ಬಲಗಡೆ, ತಂಬೂರಿ ಎಡಗಡೆ ಬಾಕ್ಸಲ್ಲಿ. ಗಮನಿಸಿ," ಅಂದ. ಗಮನಿಸಿದೆ. ತಂಬೂರಿ ಬಂತು. ಇವನ್ನೇ ಕೊಡಿ ಅಂದೆ.

ಹೆಂಡತಿ ಎದ್ದು ಹೋಗಿ ಬಾಕ್ಸಿನ ಪಕ್ಕೆಯನ್ನು ಬೆರಳಿನಿಂದ ತಟ್ಟಿದಳು. "ಒಳಗೆ ಖಾಲಿ ಇದೆಯಲ್ಲ?"

"ಹೌದು ಮೇಡಂ. ಖಾಲಿ ಇದ್ರೇನೇ ಶಬ್ದ ತುಂಬಿ ಬರೋದು."

"ಬಾಗಿಲು ಎಲ್ಲಿ?"

"ಬಾಗಿಲು ಇರಲ್ಲ ಮೇಡಂ."

ಅವಳು ನನ್ನ ಕಡೆ ತಿರುಗಿದಳು. "ಎದೆಯೆತ್ತರದ ಬೀರು, ಒಂದಲ್ಲ ಎರಡು ತಗೊಳ್ತಿದ್ದೀರ. ಒಂದು ಸೀರೆ ಇಡೋಕೂ ಜಾಗ ಇಲ್ಲ."

೨. ಎರಡು ಫ್ರಿಜ್

ಚಿಕ್ಕಬಾಣಾವರದಲ್ಲಿ ನಮ್ಮದು ಮೊದಲನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್ ಮತ್ತು ಅವರ ವಯಸ್ಸಾದ ತಾಯಿ. ಒಂದು ಕಾಲಕ್ಕೆ ಈ ಬೀದಿ ಪೂರ್ತಿ ಅವರ ರಾಗಿ ಹೊಲವಂತೆ. ಈಗಲೂ ಬೀದಿಗೆ ಏನೇ ಬಂದರೂ ತಮ್ಮ ಹೊಲಕ್ಕೆ ದನ ನುಗ್ಗಿದ ಹಾಗೆ ಓನರ್ ಎದ್ದು ಬರುತ್ತಾರೆ.

ಗಾಡಿಯಿಂದ ಎರಡು ಉದ್ದನೆಯ ಪೆಟ್ಟಿಗೆ ಇಳಿಯುವುದನ್ನು ಬೀದಿಯೆಲ್ಲ ನೋಡಿತು. ನಾಲ್ಕು ಜನ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿಸಿದರು. ಹಿಂದೆಯೇ ಓನರ್ ಬಂದರು.

"ಸಾರ್, ಒಂದ್ ಫ್ರಿಜ್ ಐತಲ್ಲ ನಿಮ್ಗೆ. ಇನ್ನೂ ಎರಡ್ ಯಾಕೆ?"

"ಫ್ರಿಜ್ ಅಲ್ಲ ಅಣ್ಣ. ಹಾಡು ಕೇಳೋ ಬಾಕ್ಸು."

ಅವರು ನಂಬಲಿಲ್ಲ. ಮೊಬೈಲಿನಲ್ಲೇ ಲೋಕದ ಹಾಡೆಲ್ಲ ಬರುವ ಈ ಕಾಲದಲ್ಲಿ ಎದೆಯೆತ್ತರದ ಪೆಟ್ಟಿಗೆ ಯಾರು ತರುತ್ತಾರೆ? ಸಂಜೆ ತರಕಾರಿ ತರಲು ಹೋದರೆ, ಪರಿಚಯವೇ ಇಲ್ಲದ ಒಬ್ಬಾಕೆ ನನ್ನನ್ನು ನಿಲ್ಲಿಸಿ ಕೇಳಿದಳು: "ಅಣ್ಣ, ನಿಮ್ಮನೇಲಿ ಐಸ್‌ಕ್ರೀಮ್ ಯಾವತ್ತಿಂದ ಶುರು? ಮಗಳ ಬರ್ತ್‌ಡೇ ಇದೆ."

೩. ರಾಜ್ಯೋತ್ಸವದ ಸೌಂಡು

ಬಾಕ್ಸ್ ಎಂದು ಖಾತ್ರಿಯಾದ ಮೇಲೆ ಬೇರೆ ತೊಂದರೆ ಶುರುವಾಯಿತು. ಅಕ್ಟೋಬರ್ ಕೊನೆಗೆ ಓನರ್ ಮೇಲೆ ಬಂದು, "ಸಾರ್, ನಮ್ ಬೀದೀಲಿ ರಾಜ್ಯೋತ್ಸವ ಮಾಡ್ತೀವಿ. ನಿಮ್ ಬಾಕ್ಸ್ ಒಂದ್ ದಿನ ಕೆಳಗ್ ಇಳಿಸಾಣ," ಅಂದರು. ಇಲ್ಲ ಅನ್ನುವುದಕ್ಕೆ ನನ್ನಿಂದ ಆಗಲಿಲ್ಲ. ಬಾಡಿಗೆ ಮನೆಯಲ್ಲಿರುವವನ ನಾಲಿಗೆಗೆ 'ಇಲ್ಲ' ಅನ್ನುವುದು ಅಷ್ಟು ಸುಲಭಕ್ಕೆ ಹೊರಳುವುದಿಲ್ಲ.

ಮುಂದಿನ ಭಾನುವಾರ ಸೌಂಡ್ ನೋಡಲು ಓನರ್ ಜೊತೆ ರಾಜ್ಯೋತ್ಸವ ಸಮಿತಿಯ ನಾಲ್ಕು ಜನ ಬಂದು ಕೈಕಟ್ಟಿ ನಿಂತರು. ನಾನು ಅದೇ ಕಛೇರಿ ಹಾಕಿದೆ. ಐದು ನಿಮಿಷ ಕಳೆಯಿತು. ಅವರಲ್ಲೊಬ್ಬರು ವಿನಯದಿಂದ ಕೇಳಿದರು: "ಶುರು ಆಗಿದೆಯಾ ಸಾರ್?"

ಅಷ್ಟರಲ್ಲಿ ಕೆಳಗೆ ಸೊಪ್ಪಿನ ಗಾಡಿ ಬಂತು. ಗಾಡಿಗೆ ಕಟ್ಟಿದ್ದ ಪುಟ್ಟ ಮೈಕಿನಿಂದ "ಮೆಂತ್ಯ, ದಂಟು, ಪಾಲಕ್, ಸಬ್ಬಸಿಗೆ" ಎಂಬ ರೆಕಾರ್ಡಿಂಗ್ ಹೊರಟು ನಮ್ಮ ಮನೆಯನ್ನೆಲ್ಲ ತುಂಬಿತು. ಹಾಡು, ಮೃದಂಗ ಎಲ್ಲ ಮುಳುಗಿದವು. ಓನರ್ ಕಣ್ಣರಳಿಸಿ, "ನೋಡಿ, ಅದು ಸೌಂಡು. ಅಂಗೈಯಗ್ಲ ಇಲ್ಲ, ಮೂರ್ ಬೀದಿಗ್ ಕೇಳ್ತದೆ," ಅಂದರು.

ಆ ವರ್ಷ ರಾಜ್ಯೋತ್ಸವಕ್ಕೆ ಸೊಪ್ಪಿನವನ ಮೈಕೇ ಗತಿಯಾಯಿತು. ಅಧ್ಯಕ್ಷರು ಭಾಷಣದ ನಡುವೆ "ತಾಯಿ ಭುವನೇಶ್ವರಿಗೆ ನಾವು ಏನು ಅರ್ಪಿಸಬೇಕು?" ಎಂದು ಕೇಳಿ ಉಸಿರೆಳೆದುಕೊಳ್ಳುವಾಗ ಯಾರದೋ ಕೈ ಗುಂಡಿಯ ಮೇಲೆ ಬಿತ್ತು. ಮೈಕು ಸ್ಪಷ್ಟವಾಗಿ ಉತ್ತರಿಸಿತು: "ಮೆಂತ್ಯ, ದಂಟು, ಪಾಲಕ್, ಸಬ್ಬಸಿಗೆ."

೪. ಗುದ್ದು

ಕೆಳಗಿನ ಅಜ್ಜಿಯ, ಅಂದರೆ ಓನರ್ ತಾಯಿಯ, ದೂರು ಬಂತು. ಭಾನುವಾರ ಮೇಲಿನಿಂದ ಗುಂ ಗುಂ ಅನ್ನುತ್ತದಂತೆ, ಅಜ್ಜಿಗೆ ಎದೆಯ ಮೇಲೆ ಯಾರೋ ರಾಗಿ ಬಡಿದ ಹಾಗಾಗುತ್ತದಂತೆ.

ನನಗೊಂದು ಉಪಾಯ ಹೊಳೆಯಿತು. ಪ್ರೆಸ್ ಶಾಪಿನ ಹತ್ತಿರ ಕೆಲಸ ಮಾಡುವವರಿಗೆಲ್ಲ ಕಾರ್ಖಾನೆಯಲ್ಲಿ ಕಿವಿಗೆ ತುರುಕಿಕೊಳ್ಳುವ ಮೆತ್ತನೆಯ ಪ್ಲಗ್ ಕೊಡುತ್ತಾರೆ. ನನಗೆ ಅವು ಕಚಗುಳಿ ಇಡುತ್ತವೆ. ಹಾಗಾಗಿ ಇಷ್ಟು ವರ್ಷದ ಪೊಟ್ಟಣಗಳು ಒಡೆಯದೆ ಮೇಜಿನ ಖಾನೆಯಲ್ಲೇ ಬಿದ್ದಿದ್ದವು. ಎಲ್ಲ ಬಾಚಿ ತಂದು ಅಜ್ಜಿಯ ಕೈಗಿಟ್ಟೆ. ಅಜ್ಜಿ ಒಂದನ್ನು ಹಿಸುಕಿ, ಮೂಸಿ, "ಬತ್ತಾಸಾ?" ಅಂದಳು.

"ಅಲ್ಲ ಅಜ್ಜಿ. ಕಿವಿಗೆ ಹಾಕ್ಕೊಳ್ಳೋದು. ನಮ್ಮ ಹಾಡು ಕೇಳಿಸಲ್ಲ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಾಡು ಎಲ್ ಕೇಳಿಸ್ತದಪ್ಪ ನಂಗೆ? ಅದೇ ನನ್ ತಕರಾರು. ಪದ ಎಲ್ಲಾ ಮ್ಯಾಲೆ ನೀವ್ ಮಡೀಕ್ಕಂಡು ಬರೀ ಗುದ್ದು ನಮಗ್ ಕಳಿಸ್ತೀರಿ."

ಅಂದಿನಿಂದ ಪ್ರತಿ ಭಾನುವಾರ ಅಜ್ಜಿ ಮೇಲೆ ಬಂದು ನಮ್ಮ ನಡುಮನೆಯಲ್ಲಿ ಕೂರುತ್ತಾಳೆ. ಕಾಫಿ ಕುಡಿದು, ಹಾಡು ಶುರುವಾದ ಎರಡನೇ ನಿಮಿಷಕ್ಕೆ ಗೊರಕೆ ಹೊಡೆಯುತ್ತಾಳೆ. ಆ ಗೊರಕೆ ತಡೆಯಲು ನನ್ನ ಹತ್ತಿರ ಈಗ ಪ್ಲಗ್ಗೂ ಇಲ್ಲ.

೫. ಎಡಗಡೆಯ ತಕರಾರು

ಇನ್ನು ನಿಜವಾದ ಸಂಕಟ ಹೇಳುತ್ತೇನೆ. ಮನೆಗೆ ತಂದ ಮೇಲೆ ಒಮ್ಮೆಯೂ ನನಗೆ ಆ ತಂಬೂರಿ ಕೇಳಿಸಲೇ ಇಲ್ಲ. ಬಲಗಡೆಯ ಬಾಕ್ಸು ಮೃದಂಗವನ್ನು ಕಿವಿಗೆ ಕುಕ್ಕುತ್ತಿತ್ತು. ಎಡಗಡೆಯದು ಜ್ವರ ಬಂದವರ ಹಾಗೆ ಮುಲುಗುತ್ತಿತ್ತು.

ಮೊದಲ ಅನುಮಾನ ಹೆಂಡತಿಯ ಮೇಲೆ. ತಂದ ಮರುದಿನವೇ ಬಂದ ಆಯುಧಪೂಜೆಗೆ, ನಾನು ಕಾರ್ಖಾನೆಯಲ್ಲಿದ್ದಾಗ ಅವಳು ಎರಡೂ ಬಾಕ್ಸಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಹಾರ ಹಾಕಿ, ಎದುರು ನಿಂಬೆಹಣ್ಣು ಹೆಚ್ಚಿಟ್ಟಿದ್ದಳು. "ಎಡಗಡೆದಕ್ಕೆ ಕುಂಕುಮ ಜಾಸ್ತಿಯಾಗಿ ಒಳಗೆ ಉದುರಿದೆ," ಎಂದು ನಾನು ವಾದಿಸಿದೆ. ಅವಳು ಎರಡು ದಿನ ಮಾತು ಬಿಟ್ಟಳು. ಆ ಎರಡು ದಿನ ಮನೆಯಲ್ಲಿ ಬೇಕಾದಷ್ಟು ನಿಶ್ಶಬ್ದವಿತ್ತು, ಆದರೂ ತಂಬೂರಿ ಕೇಳಿಸಲಿಲ್ಲ.

ಅಂಗಡಿಯಿಂದ ಮೆಕ್ಯಾನಿಕ್ ಬಂದ. ವೈರ್ ಬದಲಾಯಿಸಿದ, ಬಿಚ್ಚಿ ಕಟ್ಟಿದ. "ಸಾರ್, ನನಗೆ ಎರಡೂ ಒಂದೇ ಥರ ಕೇಳ್ತಿದೆ," ಅಂದ.

"ಇಪ್ಪತ್ತಾರು ವರ್ಷ ತಪ್ಪು ಹಿಡಿದವನು ಕಣಪ್ಪ ನಾನು. ನಿಮ್ಮಂಗಡೀಲಿ ಸರಿಯಾಗೇ ಕೇಳ್ತಿತ್ತು."

"ಅಂಗಡೀಲಿ ಎಲ್ರಿಗೂ ಸರಿಯಾಗೇ ಕೇಳುತ್ತೆ ಸಾರ್," ಎಂದು ಅವನು ಚೀಲ ಕಟ್ಟಿಕೊಂಡು ಹೋದ.

ಬಾಕ್ಸುಗಳನ್ನೇ ಅದಲು ಬದಲು ಮಾಡಿಸಿದೆ. ಬಲಗಡೆಯದು ಎಡಕ್ಕೆ ಬಂದ ಕೂಡಲೇ ಅದಕ್ಕೂ ಜ್ವರ ಬಂತು. ಸರಿ, ಬಾಕ್ಸಿನದಲ್ಲ, ಗೋಡೆಯದೇ ದೋಷ ಎಂದು ತೀರ್ಮಾನಿಸಿ ಓನರನ್ನು ಕರೆದೆ. ಅವರು ಎಡಗಡೆಯ ಗೋಡೆಯನ್ನು ಬಹಳ ಹೊತ್ತು ದಿಟ್ಟಿಸಿದರು. ಅದರಾಚೆಗಿನ ಮನೆ ಅವರ ತಮ್ಮನದು. ಭಾಗ ಆದಾಗಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

"ಸಾರ್," ಅಂದರು ಕೊನೆಗೆ, "ಆ ಕಡೆಯಿಂದ ಒಳ್ಳೇದು ಬಂದಿದ್ದು ನಾನಂತೂ ಕಂಡಿಲ್ಲ."

೬. ಗೇಜ್

ಕಳೆದ ತಿಂಗಳು ಕಾರ್ಖಾನೆಯಲ್ಲಿ ಆರೋಗ್ಯ ತಪಾಸಣೆ. ಈ ಸಲ ಪ್ರೆಸ್ ಶಾಪಿನ ಆಸುಪಾಸಿನವರಿಗೆಲ್ಲ ಕಿವಿಯ ಪರೀಕ್ಷೆಯೂ ಇತ್ತು. ಅಂಗಳದಲ್ಲಿ ಒಂದು ವ್ಯಾನ್, ಅದರೊಳಗೆ ಗಾಜಿನ ಗೂಡು. ನನ್ನ ಹಿಂದೆ ಸಾಲಿನಲ್ಲಿ ಫೋರ್‌ಮನ್.

ಪರೀಕ್ಷೆ ಮಾಡುವ ಮೇಡಂ ನನ್ನ ತಲೆಗೆ ಹೆಡ್‌ಫೋನ್ ಹಾಕಿ, "ಕೀಂ ಅಂತ ಕೇಳಿದಾಗೆಲ್ಲ ಗುಂಡಿ ಒತ್ತಿ ಸಾರ್. ಮೊದಲು ಬಲಗಿವಿ," ಅಂದರು. ಕೀಂ, ಒತ್ತಿದೆ. ಕೀಂ, ಒತ್ತಿದೆ. ಆಮೇಲೆ ಎಡಗಿವಿ ಎಂದು ಸನ್ನೆ ಮಾಡಿದರು. ನಾನು ಕಾದೆ. ಇನ್ನೂ ಕಾದೆ. ಕಾಫಿಗೆ ಹೋದರೇನೋ ಎಂದು ಗಾಜಿನಾಚೆ ನೋಡಿದರೆ, ಅವರು ಗುಂಡಿ ತಿರುಗಿಸುತ್ತ ನನ್ನನ್ನೇ ನೋಡುತ್ತಿದ್ದರು. ನನಗೆ ಪಾಪ ಅನ್ನಿಸಿತು. ಹೆಡ್‌ಫೋನ್ ತೆಗೆದು, ಬಾಗಿಲು ಸರಿಸಿ ಹೇಳಿದೆ:

"ಮೇಡಂ, ನಿಮ್ಮದ್ರಲ್ಲೂ ಎಡಗಡೆ ವೈರ್ ಕಟ್ಟಾಗಿದೆ. ರಿಪೇರಿ ಮಾಡಿಸ್ಬಿಡಿ."

ಮೇಡಂ ಹೆಡ್‌ಫೋನನ್ನು ತಿರುಗಿಸಿ ಮತ್ತೆ ಹಾಕಿದರು. ಕಟ್ಟಾಗಿದೆ ಎಂದಿದ್ದ ಆ ಬದಿ ಈಗ ನನ್ನ ಬಲಗಿವಿಯ ಮೇಲಿತ್ತು. ಅದರಲ್ಲಿ ಕೀಂ ಎಂದು ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳಿಸಿತು.

"ವೈರ್ ಚೆನ್ನಾಗಿದೆ ಸಾರ್," ಅಂದರು ಮೆಲ್ಲಗೆ.

ಬಾಗಿಲು ತೆರೆದೇ ಇತ್ತು. ಇಪ್ಪತ್ತು ವರ್ಷದ ಸೇಡು ತೀರಿಸಿಕೊಳ್ಳಲು ಫೋರ್‌ಮನ್‌ಗೆ ಅಷ್ಟು ಸಾಕಾಯಿತು. "ಏನ್ ಸಾರ್, ಗೇಜೇ ರಿಜೆಕ್ಟಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹೆದರಿಕೆಯಾಗಿತ್ತು. ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಅಂದರು ಡಾಕ್ಟರು. ದಿನಾ ಪ್ಲಗ್ ಹಾಕ್ಕೊಳ್ತಿದ್ರಾ ಎಂದು ಕೇಳಿದರು. ಅವೆಲ್ಲ ಕೆಳಗಿನ ಮನೆಯ ಅಜ್ಜಿಯ ಟ್ರಂಕಿನಲ್ಲಿವೆ ಎಂದು ಹೇಳಲು ನನಗೆ ಧೈರ್ಯ ಸಾಲಲಿಲ್ಲ.

ಮನೆಯಲ್ಲಿ ಹೇಳಿದಾಗ ಹೆಂಡತಿ ನಗಲಿಲ್ಲ. ನೋವಿದೆಯಾ ಎಂದು ಮೊದಲು ಕೇಳಿದಳು. ಆಮೇಲೆ, "ಹಾಗಾದ್ರೆ ನನ್ನ ಕುಂಕುಮ?" ಅಂದಳು.

"ಕುಂಕುಮದ್ದೇನೂ ತಪ್ಪಿಲ್ಲ," ಎಂದು ಒಪ್ಪಿಕೊಂಡೆ.

ಭಾನುವಾರ ಬಂದರೂ ನಾನು ಹಾಡು ಹಾಕಲಿಲ್ಲ. ಆ ಬಾಕ್ಸುಗಳನ್ನು ನೋಡಿದರೇ ದುಃಖವಾಗುತ್ತಿತ್ತು. ಅಜ್ಜಿ ಎಂದಿನಂತೆ ಬಂದು, ಕಾಫಿ ಕುಡಿದು, ಪದ ಎಲ್ಲಿ ಎಂದು ಕೇಳಿದಳು. ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಅಲ್ರೀ, ಅಂಗಡೀಲಿ ಕೇಳ್ತಿತ್ತು ಅಂತೀರಲ್ಲ, ಅಲ್ಲಿ ನೀವು ಕೂತಿದ್ದು ಎಡಗಡೆ ಗೋಡೆ ಪಕ್ಕ. ಎರಡೂ ಬೀರು ನಿಮ್ಮ ಬಲಗಡೆಗೇ ಇದ್ವು."

ನಿಜ. ಆದರೆ ನಮ್ಮ ಮನೆಯಲ್ಲಿ ಎಡಗಡೆ ಗೋಡೆಯ ಪಕ್ಕ ಕುರ್ಚಿ ಹಾಕಿದರೆ ಮುಂಬಾಗಿಲು ತೆರೆಯುವುದಿಲ್ಲ. ಹಾಗೆಂದೆ.

"ಅಷ್ಟೇ ತಾನೆ? ಕುರ್ಚಿ ತಿರುಗಿಸಿ ಕೂತ್ಕೊಳ್ಳಿ. ಆಗ ಎಡಗಡೆ ಬೀರು ನಿಮ್ಮ ಬಲಗಿವಿಗೆ ಬರುತ್ತೆ."

ಸ್ಪೀಕರಿಗೆ ಬೆನ್ನು ಹಾಕಿ ಹಾಡು ಕೇಳುವುದೇ ಎಂದು ನನಗೆ ನಾಚಿಕೆಯಾಯಿತು. ಆದರೂ ಕುರ್ಚಿ ತಿರುಗಿಸಿ, ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ಕೂತೆ. ಹೆಂಡತಿ ಅದೇ ಕಛೇರಿ ಹಾಕಿದಳು. ಮೊದಲು ಏನೂ ಇಲ್ಲ. ಆಮೇಲೆ ಹಿಂದಿನಿಂದ, ನನ್ನ ಬಲಭುಜದ ಹತ್ತಿರ, ತಂಬೂರಿ ನುಡಿಯತೊಡಗಿತು. ಎರಡು ವರ್ಷ ಅದು ಅಲ್ಲೇ ನುಡಿಯುತ್ತಿತ್ತು. ನನ್ನ ಕಣ್ಣು ತುಂಬಿ ಕ್ಯಾಲೆಂಡರಿನ ವಾರ, ತಿಥಿ ಎಲ್ಲ ಕಲಸಿಹೋಯಿತು. ಅಜ್ಜಿ ಅವತ್ತು ನಿದ್ದೆ ಮಾಡಲಿಲ್ಲ. ನನ್ನನ್ನೇ ನೋಡುತ್ತ ಕೂತಿದ್ದಳು.

ಅಷ್ಟರಲ್ಲಿ ಅಜ್ಜಿಯನ್ನು ಊಟಕ್ಕೆ ಕರೆಯಲು ಓನರ್ ಬಂದರು. ಬಾಗಿಲಲ್ಲೇ ನಿಂತು ಒಮ್ಮೆ ಬಾಕ್ಸುಗಳನ್ನು, ಒಮ್ಮೆ ನನ್ನ ಬೆನ್ನನ್ನು ನೋಡಿದರು.

"ಇದ್ಯಾಕ್ ಸಾರ್ ಇಂಗ್ ಕುಂತಿದ್ದೀರಿ? ಬಾಕ್ಸ್ ಮ್ಯಾಲೆ ಮುನಿಸ್ಕಂಡ್ರಾ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಮಗನನ್ನು ಗದರಿದಳು.

"ಸುಮ್ಕಿರ್ಲಾ. ಎರಡ್ ವರ್ಸಕ್ಕೆ ಈಗ್ ರಾಜಿ ಆಗೈತೆ."