ಗುಬ್ಬಿ ಮೇಷ್ಟ್ರ ಪಾಠ ಕುಣಿಗಲ್ಲಿಗೆ ಹೋದದ್ದು

ಮನೆಯಲ್ಲಿ ಒಬ್ಬ ಮೇಷ್ಟ್ರು ಇದ್ದರೆ ಸಾಕು, ನಗುವಂಥ ಪ್ರಸಂಗಗಳು ಕರೆಯದೆಯೂ ಬಂದು ಜಗುಲಿಯ ಮೇಲೆ ಕೂರುತ್ತವೆ. ಇವನ್ನು ನನಗೆ ಮೊದಲು ಹೇಳಿದವನು ನನ್ನ ಹೆಂಡತಿಯ ತಮ್ಮ, ಗುಬ್ಬಿ ಕಡೆಯ ಒಂದು ಶಾಲೆಯ ಗಣಿತದ ಮೇಷ್ಟ್ರು. ಕೆಲವನ್ನು ನಾನೇ ಕಣ್ಣಾರೆ ಕಂಡೆ.

ಅವನ ಜೊತೆ ಟ್ರೈನಿಂಗ್ ಮುಗಿಸಿದ ಮೇಡಂ ಒಬ್ಬರು ಕುಣಿಗಲ್ ಹತ್ತಿರದ ಹಳ್ಳಿಯಲ್ಲಿ ಕನ್ನಡ ಕಲಿಸುತ್ತಾರೆ. ಅಲ್ಲಿನ ಗಣಿತದ ಮೇಷ್ಟ್ರಿಗೆ ವರ್ಗವಾಗಿ, ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಏಳನೇ ಕ್ಲಾಸಿನ ಮಕ್ಕಳು ಭಿನ್ನರಾಶಿಯ ಹೊಸ್ತಿಲಲ್ಲೇ ನಿಂತಿದ್ದರು. ಪರೀಕ್ಷೆ ಹತ್ತಿರ ಬಂದಿತ್ತು.

“ಸಾರ್, ನೀವು ಪಾಠ ಹೇಳಿ ವಿಡಿಯೋ ಕಳಿಸಿ. ಶಾಲೆ ಟಿ.ವಿ.ಲಿ ಹಾಕಿ ತೋರಿಸ್ತೀನಿ. ಇಲ್ದಿದ್ರೆ ಈ ಮಕ್ಕಳು ಏನೂ ಬರ್ದೇ ಹೈಸ್ಕೂಲಿಗೆ ಹೋಗ್ಬಿಡ್ತವೆ” ಎಂದರಂತೆ ಮೇಡಂ.

ಭಾವಮೈದ ಒಪ್ಪಿದ. ಅವನ ಮನೆ ಪಕ್ಕ ಹಿಟ್ಟಿನ ಗಿರಣಿ, ಒಂದು ಮಾತೂ ಕೇಳಿಸುವುದಿಲ್ಲ. ಹಾಗಾಗಿ ಭಾನುವಾರಗಳಂದು ಕ್ಯಾತ್ಸಂದ್ರದ ನಮ್ಮ ಹಿತ್ತಲೇ ಶಾಲೆಯಾಯಿತು.

ಮಂಜಿನಲ್ಲಿ ಮೇಷ್ಟ್ರು

ಪೂಜೆ ಮಾಡದೆ ನನ್ನ ಹೆಂಡತಿ ಯಾವ ಕೆಲಸವನ್ನೂ ಶುರು ಮಾಡಗೊಡುವವಳಲ್ಲ. ಫೋನನ್ನು ದೇವರ ಮುಂದಿಟ್ಟು, ಅದರ ಬೆನ್ನಿಗೆ ಅಗಲವಾಗಿ ವಿಭೂತಿ ಬಳಿದು, ಹೂವಿಟ್ಟು ತಮ್ಮನ ಕೈಗೆ ಕೊಟ್ಟಳು. ಅವನು ಅದನ್ನು ಪೇರಲೆ ಗಿಡದ ಕವಲಿಗೆ ಸಿಕ್ಕಿಸಿ ಪಾಠ ಹೇಳಿ ಕಳಿಸಿಬಿಟ್ಟ.

ಮಾರನೆಯ ದಿನ ಮೇಡಂ ಫೋನು. “ಸಾರ್, ಪಾಠ ಚೆನ್ನಾಗಿದೆ. ನಿಮ್ಮ ಕಡೆ ಮಧ್ಯಾಹ್ನನೂ ಇಷ್ಟು ಮಂಜಾ?”

ಇವನು ಫೋನು ತಿರುಗಿಸಿ ನೋಡಿ, ಕೂಡಲೇ ಅಕ್ಕನಿಗೆ ಫೋನು ಮಾಡಿದ. “ಅಕ್ಕಾ, ಕ್ಯಾಮೆರಾ ಕಣ್ಣಿಗೇ ವಿಭೂತಿ ಮೆತ್ತಿದೀಯಲ್ಲೇ!”

“ಅದರ ಕಣ್ಣು ಬೆನ್ನಲ್ಲಿದೆ ಅಂತ ನಂಗೇನ್ಲಾ ಗೊತ್ತು? ಮಿಕ್ಕವರಿಗೆಲ್ಲ ದೇವರು ಮುಂದೇನೇ ಇಟ್ಟವ್ನೆ” ಎಂದಳು ಅವಳು.

ಅರ್ಧ ತೆಂಗಿನಕಾಯಿ

ಎರಡನೆಯ ಪಾಠಕ್ಕೆ ನಮ್ಮ ಮರದ್ದೇ ಒಂದು ಕಾಯಿ. ‘ಇದು ಪೂರ್ಣ. ಒಡೆದರೆ ಎರಡು ಅರ್ಧ’ ಎಂದು ತೋರಿಸುವುದು ಅವನ ಉಪಾಯ. ಆದರೆ ಕೈಯಲ್ಲಿ ಕಾಯಿ ಹಿಡಿದ ಕೂಡಲೇ ರೂಢಿ ಎಲ್ಲಿ ಬಿಡುತ್ತದೆ? ಕಣ್ಣು ಮುಚ್ಚಿ, ಕಾಯಿಯನ್ನು ಹಣೆಗೆ ಮುಟ್ಟಿಸಿಕೊಂಡು, ಆಮೇಲೆ ಒಡೆದ.

ಅತ್ತ ಕುಣಿಗಲ್ ಕಡೆ ಟಿ.ವಿ.ಯಲ್ಲಿ ಕಾಯಿ ಒಡೆದದ್ದೇ ತಡ, ಇಡೀ ಕ್ಲಾಸು ಎದ್ದು ನಿಂತು ಕೈ ಮುಗಿಯಿತಂತೆ. ಪಾಠ ಮುಗಿದ ಮೇಲೆ ಮೇಡಂ “ಏನಾದ್ರೂ ಡೌಟ್ ಇದೆಯೇನ್ರೋ?” ಎಂದರೆ ಹಿಂದಿನ ಸಾಲಿನಿಂದ ಒಂದೇ ಪ್ರಶ್ನೆ:

“ಮಿಸ್, ಪ್ರಸಾದ?”

ಇದನ್ನು ಕೇಳಿ ನನಗೂ ಒಂದು ಕುತೂಹಲ ಹುಟ್ಟಿತು. “ಅಲ್ಲಯ್ಯಾ, ನೀನು ಪಾಠ ಕಳಿಸಿದೆ. ಅಲ್ಲಿಗೂ ಪೂರ್ತಿ ಹೋಯ್ತು, ನಿನ್ನ ಫೋನಲ್ಲೂ ಪೂರ್ತಿ ಉಳೀತು. ಕಾಯಿ ಹಂಗಲ್ವಲ್ಲ? ಇದು ಯಾವ ಲೆಕ್ಕ?” ಎಂದು ಕೇಳಿದೆ.

ಅವನು ತಲೆ ಕೆರೆದುಕೊಂಡು ಹೇಳಿದ: “ಭಾವ, ಅದು ಏಳನೇ ಕ್ಲಾಸಿಗಿಲ್ಲ ಬುಡಿ.”

ದೇವರುಗಳ ನಡುವೆ ಪಾಠ

ಮೇಡಂ ಆ ಪಾಠಗಳನ್ನು ಮೇಷ್ಟ್ರುಗಳ ವಾಟ್ಸಾಪ್ ಗ್ರೂಪಿಗೂ ಹಾಕಿದರು. ಕೋರದ ಕಡೆಯ ಒಬ್ಬರು ವಿಜ್ಞಾನದ ಪಾಠ ಕಳಿಸಿದರು, ಬೆಳ್ಳಾವಿಯ ಕಡೆಯಿಂದ ಭೂಪಟಗಳು ಬಂದವು. ತೊಂದರೆ ಒಂದೇ. ಬೆಳಗಾದರೆ ಶುಭೋದಯದ ದೇವರ ಪಟಗಳು ಸುರಿದು ಪಾಠಗಳೆಲ್ಲ ಅಡಿಗೆ ಹೋಗುತ್ತಿದ್ದವು. ಹುಡುಕಿಕೊಡುವೆನೆಂದು ನಾನೇ ಒಂದು ದಿನ ಫೋನು ಹಿಡಿದು ಕೂತೆ. ಪಟ ಬಂದಾಗಲೆಲ್ಲ ಕೈ ತಾನಾಗಿ ಹಣೆಗೆ ಹೋಗುತ್ತಿತ್ತು. ಊಟದ ಹೊತ್ತಾದರೂ ಹಿಂದಿನ ದಿನದ ಪಾಠ ಸಿಗಲಿಲ್ಲ.

ಕಡೆಗೆ ಪಾಠಗಳಿಗೆಂದೇ ಬೇರೆ ಗ್ರೂಪು ಮಾಡಿ, ‘ಇಲ್ಲಿ ಪಾಠ ಬಿಟ್ಟು ಬೇರೇನೂ ಹಾಕಬಾರದು’ ಎಂದು ಎಲ್ಲರೂ ಒಪ್ಪಿದರು. ಹೊಸ ಗ್ರೂಪು ಶುರುವಾಯಿತು. ಮೊದಲು ಬಂದದ್ದು ಗಣಪತಿ ಪಟ. ಹೊಸ ಕೆಲಸವಲ್ಲವೇ!

ಸಾಕ್ಷಾತ್ ದರ್ಶನ

ಪರೀಕ್ಷೆಗೆ ಒಂದು ವಾರವಿದೆ ಎನ್ನುವಾಗ ಭಾವಮೈದನಿಗೆ ಅಳುಕು ಹತ್ತಿತು. “ಭಾವ, ಆ ಮಕ್ಕಳು ಕಲ್ತವ್ರೋ, ಸುಮ್ನೆ ಸಿನಿಮಾ ನೋಡ್ದಂಗೆ ನೋಡವ್ರೋ, ಗೊತ್ತೇ ಆಗ್ತಿಲ್ಲ. ನಾನೇ ಹೋಗಿ ನೋಡ್ಬೇಕು” ಎಂದು ರಜೆ ಹಾಕಿದ. ಅವನ ಬೈಕಿನ ಹಿಂದೆ ನಾನೂ ಹೊರಟೆ.

ಅವನು ಕ್ಲಾಸಿನ ಒಳಗೆ ಬಂದದ್ದೇ ಮಕ್ಕಳೆಲ್ಲ ಒಮ್ಮೆ ಟಿ.ವಿ. ನೋಡಿದರು, ಒಮ್ಮೆ ಅವನನ್ನು ನೋಡಿದರು. ಒಬ್ಬ ಎದ್ದು ಬಂದು ಅವನ ಅಂಗಿಯ ತೋಳು ಮುಟ್ಟಿ ನೋಡಿ ಹೋಗಿ ಕೂತ. ಇವನು ಬೋರ್ಡಿನ ಮೇಲೆ ಅರ್ಧಕ್ಕೆ ಮೂರನೇ ಒಂದು ಕೂಡುವ ಲೆಕ್ಕ ಬರೆದ. ಎರಡು ಜಡೆಯ ಒಂದು ಹುಡುಗಿ ಬಂದು, ಛೇದ ಸಮ ಮಾಡಿ, ಆರನೇ ಐದು ಎಂದು ಬರೆದು ಹೋದಳು. ಇನ್ನೊಂದು ಲೆಕ್ಕ, ಇನ್ನೊಬ್ಬ ಹುಡುಗ. ಅದೂ ಸರಿ. ಮೇಡಂ ಕಣ್ಣೊರೆಸಿಕೊಂಡರು. ನಾನು ಮನಸ್ಸಿನಲ್ಲೇ ಶಿವನಿಗೆ ಕೈ ಮುಗಿದೆ.

ಭಾವಮೈದನಿಗೆ ಹುರುಪು ಬಂತು. “ಬನ್ನಿ, ಇವತ್ತು ಭಾಗಾಕಾರ” ಎಂದು ಶುರು ಮಾಡಿದ. ಹೇಳಿದ. ಎರಡು ಜಡೆಯ ಹುಡುಗಿ “ಅರ್ಥ ಆಗ್ಲಿಲ್ಲ ಸಾರ್” ಎಂದಳು. ಮತ್ತೆ ಹೇಳಿದ. “ಇನ್ನೊಂದ್ಸಲ ಸಾರ್.” ಮತ್ತೆ ಹೇಳಿದ, ದನಿ ಸ್ವಲ್ಪ ಏರಿತ್ತು. “ಸಾರ್, ಇನ್ನೊಂದೇ ಸಲ.”

“ಎಷ್ಟ್ ಸಲ ಹೇಳೋದಮ್ಮ? ಗಮನ ಎಲ್ಲಿಟ್ಟಿದೀಯ?” ಎಂದು ಗುಡುಗಿದ.

ಆ ಹುಡುಗಿ ಹೆದರಲಿಲ್ಲ, ಅಳಲಿಲ್ಲ. ಮೇಡಂ ಕಡೆ ತಿರುಗಿ ನಿಧಾನವಾಗಿ ಹೇಳಿದಳು:

“ಮಿಸ್, ಈ ಸಾರ್ ಬೇಡ. ಟಿ.ವಿ.ಲಿರೋ ಸಾರ್‌ನೇ ಹಾಕಿ. ಅವರು ಎಷ್ಟ್ ಸಲ ಕೇಳಿದ್ರೂ ನಗ್ತಾನೇ ಹೇಳ್ತಾರೆ.”

ನಿಮಗೆ ಗೊತ್ತಿರುವ ಮೇಷ್ಟ್ರು ಯಾರಾದರೂ ಇದ್ದರೆ ಅವರಿಗೆ ಇದನ್ನು ಹೇಳಿ. ನನ್ನ ಭಾವಮೈದ ಯಾರೆಂದು ಮಾತ್ರ ಹೇಳಬೇಡಿ, ಅವನು ಇನ್ನೂ ಭಾನುವಾರದ ಊಟಕ್ಕೆ ಬರುತ್ತಾನೆ. ಆ ಮೇಷ್ಟ್ರು ಇನ್ನೊಮ್ಮೆ ಹೇಳಿ ಎಂದರೆ, ದಯವಿಟ್ಟು ಬೇಸರಿಸದೆ ಇನ್ನೊಮ್ಮೆ ಹೇಳಿ.