ತೋಡಿನ ಕಟ್ಟ ಬಜೆಟಿಗೆ ಹೊರಟದ್ದು

ಸರಕಾರದ ಹತ್ತಿರ ಏನಾದರೂ ಕೇಳಲಿಕ್ಕೆ ಹೋಗಿ ನೋಡಿ, ಕೇಳಿದ್ದೊಂದು ಬಿಟ್ಟು ಬಾಕಿ ಎಲ್ಲ ಸಿಗುತ್ತದೆ. ನಮಗಂತೂ ಹೋದಲ್ಲೆಲ್ಲ ಹಾಗೇ ಆಗ್ತಾ ಉಂಟು.

ನಮ್ಮದು ಕೊಕ್ಕಡದ ಕಡೆ. ಮಳೆ ಬಿಟ್ಟ ಮೇಲೆ ತೋಡಿಗೆ, ಅಂದರೆ ಊರಿನ ಹಳ್ಳಕ್ಕೆ, ಅಡ್ಡಲಾಗಿ ಕಲ್ಲು, ಮಣ್ಣು, ಮರದ ತುಂಡು ಹಾಕಿ ಕಟ್ಟ ಕಟ್ಟುತ್ತೇವೆ. ನೀರು ನಿಂತರೆ ಸುತ್ತಲಿನ ಬಾವಿಗಳಲ್ಲಿ ಮೇ ತಿಂಗಳವರೆಗೂ ಒರತೆ ಇರುತ್ತದೆ. ಜೂನಿನ ಮಳೆಗೆ ಕಟ್ಟ ತಾನಾಗಿ ಒಡೆಯುತ್ತದೆ. ಒಡೆಯಲೇಬೇಕು, ಇಲ್ಲದಿದ್ದರೆ ಗದ್ದೆ ಮುಳುಗುತ್ತದೆ. ಈಗ ಮಣ್ಣು ಹೊರಲಿಕ್ಕೆ ಜನ ಇಲ್ಲ. ಬೀಡಿ ಕಟ್ಟುವ ನಾವು ಏಳೆಂಟು ಮುದುಕಿಯರು ಎಷ್ಟು ಹೊರುವುದು? ಕಟ್ಟ ಅರ್ಧಕ್ಕೇ ನಿಂತಿತು, ಮಾರ್ಚಿಗೇ ನನ್ನ ಕೊಡಪಾನ ಬಾವಿಯ ತಳದ ಕಲ್ಲಿಗೆ ಟಣ್ ಅಂತ ಬಡಿಯಿತು. ಬಜೆಟಿನಲ್ಲಿ ಪರಿಸರ, ಪರಿಸರ ಎಂದು ಬೊಬ್ಬೆ ಹೊಡೆಯುತ್ತಾರಲ್ಲ, ಅದರಲ್ಲಿ ತೋಡಿನ ಕಟ್ಟಕ್ಕೂ ಒಂದು ಗೆರೆ ಬರೆಯಿರಿ ಎಂದು ಕೇಳುವ ಅಂತ ಹೊರಟೆವು. ಶಾಲೆಯಿಂದ ನಿವೃತ್ತರಾದ ನೆರೆಮನೆಯ ಮಾಸ್ಟ್ರು ಅರ್ಜಿ ಬರೆದುಕೊಟ್ಟರು.

1. ಬಾಳಿಕೆ

ತಾಲೂಕು ಕಚೇರಿಯ ಗುಮಾಸ್ತ ಅರ್ಜಿ ಓದಿ ಕನ್ನಡಕ ತೆಗೆದ. "ಅಮ್ಮಾ, ಈ ಕಟ್ಟ ಎಷ್ಟು ವರ್ಷ ಬಾಳಿಕೆ ಬರುತ್ತದೆ?"

"ಆರು ತಿಂಗಳು."

"ಆಮೇಲೆ?"

"ಮಳೆಗೆ ಹೋಗುತ್ತದೆ."

"ಹೋಗುವ ವಸ್ತುವಿಗೆ ಸರಕಾರ ದುಡ್ಡು ಕೊಡುವುದಿಲ್ಲ. ಶಾಶ್ವತವಾಗಿ ಉಳಿಯುವುದಾದರೆ ಹೇಳಿ."

ನನಗೆ ಮಂಡೆ ಬಿಸಿ ಆಯಿತು. "ನಿಮ್ಮ ರಸ್ತೆಯ ಡಾಮರು ಮೊದಲ ಮಳೆಗೇ ಹೋಗುತ್ತದಲ್ಲ ಮಾರಾಯ್ರೆ, ಅದಕ್ಕೆ ವರ್ಷ ವರ್ಷ ಕೊಡ್ತೀರಿ. ನಮ್ಮದಾದರೂ ಆರು ತಿಂಗಳು ನಿಲ್ಲುತ್ತದೆ!"

ಅವನಿಗೆ ಸಿಟ್ಟು ಬರಲಿಲ್ಲ. ಸಮಾಧಾನದಲ್ಲೇ ಹೇಳಿದ: "ಹಾಗಲ್ಲಮ್ಮಾ. ಡಾಮರನ್ನು ಕಾಗದದಲ್ಲಿ ಶಾಶ್ವತ ಎಂದು ಬರೆದೇ ಹಾಕುವುದು."

2. ಆಟಿಯ ತಪಾಸಣೆ

ಆದರೂ ಅರ್ಜಿ ಹೇಗೋ ಮೇಲೆ ಹೋಯಿತಂತೆ. ಸ್ಥಳ ನೋಡಲಿಕ್ಕೆ ಒಬ್ಬ ಇಂಜಿನಿಯರು ಬಂದರು. ಯಾವಾಗ? ಆಟಿ ತಿಂಗಳಲ್ಲಿ, ನಡು ಮಳೆಗಾಲಕ್ಕೆ! ಆಕಾಶ ತೂತಾದ ಹಾಗೆ ಮಳೆ, ತೋಡು ಎರಡು ಬದಿಯ ದಡವನ್ನೂ ತಿನ್ನುತ್ತಾ ಓಡುತ್ತಿತ್ತು. ಇವರು ಹೊಸ ಬೂಟು ಹಾಕಿಕೊಂಡು, ಕೊಡೆ ಹಿಡಿದು, ಅಳತೆಯ ಟೇಪು ಬಿಚ್ಚಿದರು.

"ಕಟ್ಟ ಎಲ್ಲಿ?"

"ಸಮುದ್ರಕ್ಕೆ ಮುಟ್ಟಿರಬೇಕು ಸಾರ್" ಎಂದೆ. "ಡಿಸೆಂಬರಿನಲ್ಲಿ ಬನ್ನಿ, ತೋರಿಸ್ತೇನೆ."

"ಡಿಸೆಂಬರಿನಲ್ಲಿ ನನಗೆ ಬೇರೆ ಕಡೆ ತಪಾಸಣೆ ಉಂಟು."

ನನ್ನ ಮನೆಯಲ್ಲಿ ಎರಡು ಲೋಟ ಚಾ ಕುಡಿದು, ನೀರುದೋಸೆ ಕಟ್ಟಿಸಿಕೊಂಡು ಹೋದರು. ಅವರ ವರದಿಯ ಪ್ರತಿಯನ್ನು ಮಾಸ್ಟ್ರು ತರಿಸಿ ನಮಗೆ ಓದಿ ಹೇಳಿದರು. ಇದ್ದದ್ದು ಎರಡೇ ವಾಕ್ಯ: "ಸ್ಥಳದಲ್ಲಿ ಕಟ್ಟ ಕಂಡುಬಂದಿರುವುದಿಲ್ಲ. ನೀರಿನ ಕೊರತೆಯೂ ಕಂಡುಬಂದಿರುವುದಿಲ್ಲ."

3. ಧಣಿಯ ಫೋನು

ಬಜೆಟಿಗೆ ಮೊದಲು ಜನರ ಸಲಹೆ ಕೇಳುತ್ತಾರೆಂದು ಬಂಟ್ವಾಳದಲ್ಲಿ ಒಂದು ಸಭೆ ಆಯಿತು. ಎರಡು ಬಸ್ಸು ಬದಲಿಸಿ ಹೋದೆವು. ಪರಿಸರದ ಸಭೆ ನೋಡಿ, ಕುರ್ಚಿಗೊಂದು ಪ್ಲಾಸ್ಟಿಕ್ ಬಾಟಲಿ! ಇರಲಿ. ವೇದಿಕೆಯಲ್ಲಿ ಯಾರು ಕೂತಿದ್ದರು ಅಂತೀರಿ? ನಮ್ಮೂರಿನ ಮೇಲಿನ ತೋಟದ ಧಣಿ. ಸ್ವಂತ ಅಣ್ಣನ ಬಾವಿಗೆ ಪಂಪು ಇಳಿಸಿ ಕೋರ್ಟಿನವರೆಗೆ ಹೋದ ಮನುಷ್ಯ. ಅದನ್ನು ನಾನು ಹೇಳಬಾರದು, ಆದರೂ ನಿಮಗೆ ಗೊತ್ತಿರಲಿ. ಮೂರು ಕೊಳವೆಬಾವಿ ಕೊರೆಸಿದ್ದಾರೆ. ಮೂರೂ ಬತ್ತಿವೆ, ಅದೂ ಊರಿಗೆಲ್ಲ ಗೊತ್ತು.

ನಮ್ಮ ಸರದಿ ಬರುವ ಮೊದಲೇ ಅವರು ಮೈಕ್ ಹಿಡಿದರು. "ನಮ್ಮೂರಿನಲ್ಲಿ ನೀರಿಗೆ ಏನೂ ತೊಂದರೆ ಇಲ್ಲ. ಕೆಲವು ಹೆಂಗಸರು ಸುಮ್ಮನೆ ಪಿರಿಪಿರಿ ಮಾಡುತ್ತಾರೆ."

ಅಷ್ಟರಲ್ಲಿ ಅವರ ಫೋನು ರಿಂಗ್ ಆಯಿತು. ಧಣಿಗೆ ಕಿವಿ ಮಂದ, ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಅಭ್ಯಾಸಬಲ, ಮೈಕಿನ ಎದುರೇ ಒತ್ತಿದರು. ಹೆಂಡತಿಯ ಸ್ವರ ಸಭೆಗೆಲ್ಲ ಕೇಳಿತು: "ಇವರೇ, ನೀರಿನ ಟ್ಯಾಂಕರು ಬಂದು ನಿಂತಿದೆ. ಗೇಟಿನ ಬೀಗದ ಕೈ ಎಲ್ಲಿಟ್ಟಿದ್ದೀರಿ?"

ಧಣಿ ಬೆವರಿದರು. "ರಾಂಗ್ ನಂಬರ್!" ಎಂದು ಗದರಿದರು.

"ಮದುವೆಯಾಗಿ ಮೂವತ್ತು ವರ್ಷ ಆದ ಮೇಲೆ ಈಗ ಹೇಳ್ತೀರಾ?" ಎಂದಿತು ಫೋನು.

4. ಬಜೆಟಿನ ದಿನ

ಮಾಸ್ಟ್ರ ಮನೆಯ ಟಿ.ವಿ. ಮುಂದೆ ಬೀಡಿ ಎಲೆಯ ಗೆರಸೆ ಸಮೇತ ಹೋಗಿ ಕೂತೆವು. ಮಂತ್ರಿಗಳ ಭಾಷಣ ಮುಗಿಯುವುದೇ ಇಲ್ಲ. ನನ್ನ ಬೀಡಿ ಕಟ್ಟು ಮೇಲೆ ಕಟ್ಟು ಮುಗಿಯಿತು. ಕೊನೆಗೆ "ಪರಿಸರ" ಎಂದರು. ಎಲ್ಲರೂ ಕತ್ತರಿ ಕೆಳಗಿಟ್ಟೆವು. ಅವರು ಲೋಟ ಎತ್ತಿ ಗಟಗಟ ನೀರು ಕುಡಿದರು, ಎರಡು ಮಾತು ಹೇಳಿದರು, ಪುಟ ತಿರುಗಿಸಿದರು. ಅಷ್ಟೇ.

ಮೂಡುಬಿದಿರೆಯಿಂದ ತಂಗಿ ಫೋನು ಮಾಡಿದಳು. "ಅಕ್ಕಾ, ಬಜೆಟಿನಲ್ಲಿ ನಿಮಗೆ ನೀರು ಬಂತಾ?"

"ಬಂತು. ಅವರೇ ಕುಡಿದರು."

5. ಬೋರ್ಡು

ಆ ಎರಡು ಮಾತು ಏನೆಂದು ನವೆಂಬರಿನಲ್ಲಿ ಗೊತ್ತಾಯಿತು. ಜಲಜಾಗೃತಿಯಂತೆ! ಲಾರಿಯಲ್ಲಿ ಒಂದು ಕಬ್ಬಿಣದ ಬೋರ್ಡು ಬಂತು, ಬಾಗಿಲಿಗಿಂತ ದೊಡ್ಡದು. "ನೀರು ಉಳಿಸಿರಿ" ಎಂದು ಮೇಲೆ, ಅದರ ಕೆಳಗೆ ಇಡೀ ಜಾಗದಲ್ಲಿ ಕೈಮುಗಿದ ನಾಯಕರ ಮುಖ. ತೋಡಿನ ದಡದಲ್ಲಿ ನಿಲ್ಲಿಸಿ ಹೋದರು. ಮಣ್ಣು ಹೊರಲಿಕ್ಕೆ ಒಬ್ಬ ಆಳಿನ ಸಂಬಳ ಕೊಡಿ ಎಂದರೆ ಇಲ್ಲ, ನಮಗೆ ನೀರಿನ ಬುದ್ಧಿ ಹೇಳಲಿಕ್ಕೆ ಇಷ್ಟು ದೊಡ್ಡ ಕಬ್ಬಿಣ!

ಡಿಸೆಂಬರಿನಲ್ಲಿ ಕಟ್ಟ ಕಟ್ಟಲಿಕ್ಕೆ ಇಳಿದೆವು. ಎರಡೂ ಬದಿ ಹೇಗೋ ಆಯಿತು, ನಡುವಿನ ಸೆಳವಿನಲ್ಲಿ ಮಾತ್ರ ಹಾಕಿದ ಮಣ್ಣು ನಿಲ್ಲುವುದಿಲ್ಲ. ನಾನು ಬೋರ್ಡನ್ನು ನೋಡಿದೆ, ಬಾಕಿಯವರು ನನ್ನನ್ನು ನೋಡಿದರು. ಮಾಸ್ಟ್ರು ಸ್ಪ್ಯಾನರು ಕೊಟ್ಟು, "ನಾನು ಮನೆಯಲ್ಲಿ ಇರಲಿಲ್ಲ" ಎಂದು ಒಳಗೆ ಹೋದರು.

ಬಿಚ್ಚಿದ ಬೋರ್ಡು ಆ ನಡುವಿಗೆ ಅಳೆದು ಮಾಡಿಸಿದ ಹಾಗೆ ಕೂತಿತು. ಮಾರ್ಚ್ ಬಂತು, ನನ್ನ ಕೊಡಪಾನ ಮುಳುಗಿಯೇ ಮೇಲೆ ಬಂತು.

ಆಗ ಬಂದರು ಒಬ್ಬ ಸಾಹೇಬರು, ಬೋರ್ಡಿನ ಫೋಟೋ ತೆಗೆಯಲಿಕ್ಕೆ. ಎರಡು ಬೋಳು ಕಂಬ ನೋಡಿ ಬೊಬ್ಬೆ ಹೊಡೆದರು. "ಬೋರ್ಡು ಎಲ್ಲಿ ಹೋಯಿತು?"

"ಕೆಲಸಕ್ಕೆ ಹೋಗಿದೆ ಸಾರ್" ಎಂದು ತೋಡು ತೋರಿಸಿದೆ.

ಅವರು ಬಗ್ಗಿ ನೋಡಿ ಎದೆ ಹಿಡಿದುಕೊಂಡರು. "ಅಯ್ಯೋ, ನಾಯಕರ ಮುಖ! ಮೂಗಿನವರೆಗೆ ನೀರು!"

"ಜನವರಿಯಲ್ಲಿ ಹಣೆಯವರೆಗೆ ಇತ್ತು ಸಾರ್. ಬಿಸಿಲಿಗೆ ಇಳಿದದ್ದು."

ಸಾಹೇಬರು ಕ್ಯಾಮರಾ ಚೀಲಕ್ಕೆ ಹಾಕಿದರು. ಆಮೇಲೆ ಸ್ವರ ತಗ್ಗಿಸಿ, "ಇದು ಕಾಣೆಯಾಗಿದೆ ಎಂದು ಬರೆದರೆ ಈ ಬಜೆಟಿನಲ್ಲಿ ಇನ್ನೊಂದು ಕೊಡ್ತಾರೆ. ಬರೆಯಲಾ ಅಮ್ಮಾ?" ಎಂದರು.

"ಬರೆಯಿರಿ ಸಾರ್. ಕೆಳಗೆ ಇನ್ನೊಂದು ಕಟ್ಟ ಉಂಟು, ಅಲ್ಲಿ ತೋಡು ದೊಡ್ಡದು. ಸ್ವಲ್ಪ ಅಗಲ ಮುಖದವರದ್ದು ಕಳಿಸಲಿಕ್ಕೆ ಹೇಳಿ."