ಸಂಜೀವಣ್ಣನ ಎರಡು ಗಂಟೆ

ತಪ್ಪು ಒಪ್ಪಿಕೊಳ್ಳುವುದು ನನಗೇನೂ ಕಷ್ಟವಲ್ಲ. ತಪ್ಪು ಬೇರೆಯವರದ್ದಾಗಿರಬೇಕು, ಅಷ್ಟೆ. ಎಂಬತ್ತರ ದಶಕದಲ್ಲಿ ಪಂಪ್‌ವೆಲ್ ಸರ್ಕಲ್ಲಿನ ಆಚೆ, ಒಂದು ಕಾರ್ಖಾನೆಯ ಕಾಲನಿಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ ನಾನು ಕೆಮಿಸ್ಟ್. ಹೆಣ್ಣು ನೋಡಲು ಹೋದಾಗ 'ನೀರಿನ ವಿಭಾಗ' ಎಂದಷ್ಟೇ ಹೇಳಿದ್ದೆ. ತೊಟ್ಟಿಯಲ್ಲಿ ಕೊಳಚೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಮೋಟಾರಿನಿಂದ ಹಗಲಿರುಳು ಗಾಳಿ ಊದಬೇಕು, ಊದುತ್ತಿದ್ದೆವು. ಆದರೂ ನೀರಿನಲ್ಲಿ ನೈಟ್ರೇಟ್ ಎಂಬ ಸಾರಜನಕದ ಲವಣ ಉಳಿದು, ಅದೇ ಗೊಬ್ಬರವಾಗಿ, ಆ ನೀರು ಸೇರುವ ಕೆರೆಯ ತುಂಬ ಪಾಚಿ. ಸುತ್ತಲಿನವರ ದೂರು ಕೇಳಿ ಕೇಳಿ ನನಗೆ ಹಸಿರು ಪಲ್ಯವೂ ಬೇಡವಾಗಿತ್ತು.

ಒಂದು ತಿಂಗಳು ನೈಟ್ರೇಟ್ ತಾನಾಗಿ ಇಳಿಯಿತು. ಮ್ಯಾನೇಜರು ಬೆನ್ನು ತಟ್ಟಿದರು. ಕಾರಣ ನನಗೇ ಗೊತ್ತಿರಲಿಲ್ಲ, ಅವರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಊಟದಿಂದ ಬೇಗ ಬಂದೆ. ಮೋಟಾರು ನಿಂತಿತ್ತು. ನಮ್ಮ ಆಪರೇಟರ್ ಸಂಜೀವಣ್ಣ ತೊಟ್ಟಿಯ ಕಟ್ಟೆಯ ಮೇಲೆ ನಿಂತು, ಎದುರಿಗಿಲ್ಲದ ಕೃಷ್ಣನೊಂದಿಗೆ ಕರ್ಣನಾಗಿ ವಾದಿಸುತ್ತಿದ್ದರು. ಊರಿನ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನದಲ್ಲಿ, ಅವರಿಗೆ ಮೊದಲ ಸಲ ದೊಡ್ಡ ಪಾತ್ರ ಸಿಕ್ಕಿತ್ತು.

"ಎಂತ ಇದು ಸಂಜೀವಣ್ಣ?"

"ಮೋಟಾರಿನ ಗಲಾಟೆಯಲ್ಲಿ ನಾನು ಹೇಳುವ ಅರ್ಥದ ಮಾತು ನನಗೇ ಕೇಳುವುದಿಲ್ಲ ಸಾರ್. ದಿನಾ ಎರಡು ಗಂಟೆ ಮಾತ್ರ ಆಫ್ ಮಾಡ್ತೇನೆ. ಒಂದು ತಿಂಗಳಾಯ್ತು, ಎಂತದೂ ಆಗ್ಲಿಲ್ಲ ಅಲ್ಲ?"

ನನಗೆ ಮೈಯೆಲ್ಲ ಉರಿಯಿತು. ಅಂದೇ ವರದಿ ಬರೆದೆ. ಅವರನ್ನು ಕೆಲಸದಿಂದ ಅಮಾನತು ಮಾಡಿದರು. ಮೂರು ಹೆಣ್ಣುಮಕ್ಕಳ ತಂದೆ ಎಂಬುದು ವರದಿ ಕೊಟ್ಟಮೇಲೆ ನೆನಪಾಯಿತು.

ಮೋಟಾರು ಎಡೆಬಿಡದೆ ಓಡಿತು. ವಾರದೊಳಗೆ ನೈಟ್ರೇಟ್ ಏರಿತು, ಕೆರೆ ಮತ್ತೆ ಹಸಿರಾಯಿತು. ಹಳೆಯ ಪಠ್ಯಪುಸ್ತಕ ತೆಗೆದರೆ ಅಲ್ಲೇ ಇತ್ತು: ಗಾಳಿ ನಿಂತಾಗ ಆ ಜೀವಿಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಉಸಿರಾಡುತ್ತವೆ, ಸಾರಜನಕ ಗುಳ್ಳೆಯಾಗಿ ಹಾರಿಹೋಗುತ್ತದೆ. ಅದರ ಜೊತೆ ಭೂಮಿಯ ಬಿಸಿ ಏರಿಸುವ ಇನ್ನೊಂದು ಅನಿಲವೂ ಅಷ್ಟಿಷ್ಟು ಹೋಗುತ್ತದೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಆಗ ನಮ್ಮ ಲೆಕ್ಕದಲ್ಲಿ ಆಕಾಶಕ್ಕೆ ಹೋದದ್ದು ಹೋದಂತೆಯೇ.

ನಾಚಿಕೆಯಿಂದ ನಿದ್ದೆ ಬರಲಿಲ್ಲ. ನಿಜ ಹೇಳಲೆಂದೇ ಮ್ಯಾನೇಜರ ಕೋಣೆಗೆ ಹೋದೆ. ಬಾಯಿಂದ ಬಂದದ್ದು ಬೇರೆ: "ನೈಟ್ರೇಟ್ ಇಳಿಸಲು ಮೋಟಾರು ನಿಲ್ಲಿಸುವುದು ನನ್ನದೇ ಪ್ರಯೋಗ ಸಾರ್. ಸಂಜೀವಣ್ಣನಿಗೆ ಬಾಯಿಮಾತಿನಲ್ಲಿ ಹೇಳಿದ್ದೆ, ವರದಿ ಬರೆಯುವಾಗ ಮರೆತುಬಿಟ್ಟೆ." ಅವರಿಗೆ ಕೆಲಸ ಮರಳಿ ಸಿಕ್ಕಿತು. ನನಗೆ ಮೆಚ್ಚುಗೆಯ ಪತ್ರ ಬಂತು.

ಸಂಜೀವಣ್ಣ ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು. "ನನ್ನ ಕೆಲಸ ಉಳಿಸ್ಲಿಕ್ಕೆ ಎಷ್ಟು ದೊಡ್ಡ ಸುಳ್ಳು ಹೇಳಿದ್ರಿ ಸಾರ್! ಯಾರು ಮಾಡ್ತಾರೆ ಹೀಗೆ?"

ನೈಟ್ರೇಟ್ ಇಳಿಸಿದವರು ನೀವೇ ಮಾರಾಯ್ರೆ ಎನ್ನಬೇಕಿತ್ತು. "ಇರಲಿ ಬಿಡಿ," ಎಂದೆ ಗಂಭೀರವಾಗಿ, "ನಾಳೆಯಿಂದ ಮಧ್ಯಾಹ್ನ ಎರಡು ಗಂಟೆ ಹೊತ್ತು ಮೋಟಾರು ನಿಲ್ಲಿಸಬೇಕು. ಇದು ನನ್ನ ಆರ್ಡರ್."